ಬಾರ್ ಹಿಂದೆ ಅವಿತಿರುವ ಚುಕ್ಕೆಗಳು: ಸಂಶೋಧನಾ ಪೇಪರಿಗೆ ಪ್ರಾಮಾಣಿಕ ಗ್ರಾಫ್ ಮಾಡುವುದು ಹೇಗೆ?

ನನ್ನ ಮೊದಲ ಪೇಪರಿನ ಮುಖ್ಯ ಚಿತ್ರದಲ್ಲಿ ಇದ್ದದ್ದು ಎರಡೇ ಬಾರ್. ಒಂದು ಕುಳ್ಳ, ಇನ್ನೊಂದು ಎತ್ತರ. ನೆತ್ತಿಯ ಮೇಲೆ ಅಳತೆಯ ಏರುಪೇರು ತೋರಿಸುವ ಪುಟ್ಟ ಗೆರೆ, ಅಂದರೆ ಎರರ್ ಬಾರ್. ಅದರ ಮೇಲೆ 'ವ್ಯತ್ಯಾಸ ಗಣನೀಯ' ಎನ್ನುವ ನಕ್ಷತ್ರ. ಕೆಳಗೆ 'ಎನ್ = 24' ಅಂತ ಬರೆದಿದ್ದೆ, ಅಂದರೆ ಒಂದೊಂದು ಗುಂಪಿನಲ್ಲಿ 24 ಅಳತೆ. ನೋಡಲು ಚೆಂದ ಇತ್ತು. ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ರಿವ್ಯೂವರ್ ಒಬ್ಬರು ಒಂದೇ ಸಾಲು ಬರೆದು ಕಳಿಸಿದರು: 'ಈ 24 ಎಲ್ಲಿವೆ, ತೋರಿಸಿ.'

ಸಿಟ್ಟು ಬಂತು. ಆದರೂ ಬಾರ್ ತೆಗೆದು ಚುಕ್ಕೆ ಹಾಕಿದೆ. ಯಾವ ದಿನದ ಪ್ರಯೋಗಕ್ಕೆ ಯಾವ ಬಣ್ಣ ಅಂತಲೂ ಕೊಟ್ಟೆ. ಎತ್ತರದ ಗುಂಪಿನಲ್ಲಿ ಮೂರು ದಿನದ ಪ್ರಯೋಗ ಇತ್ತು, ದಿನಕ್ಕೆ ಎಂಟು ಅಳತೆ. ಎರಡು ದಿನದ ಹದಿನಾರು ಚುಕ್ಕೆಗಳು ಹೋಲಿಕೆಗೆಂದು ಇಟ್ಟ ಕುಳ್ಳ ಬಾರಿನ ಗುಂಪಿನ, ಅಂದರೆ ಕಂಟ್ರೋಲ್ ಗುಂಪಿನ ಮಟ್ಟದಲ್ಲೇ ಕೂತಿದ್ದವು. ಒಂದು ದಿನದ ಎಂಟು ಮಾತ್ರ ಮೇಲೆ ತೇಲುತ್ತಿದ್ದವು. ನೋಟ್‌ಬುಕ್ ತೆಗೆದು ನೋಡಿದರೆ, ಆ ದಿನ ಈ ಗುಂಪಿಗೆ ಮಾತ್ರ ಹೊಸ ಬಾಟಲಿಯ ರಾಸಾಯನಿಕ ಹಾಕಿದ್ದೆ. ನಾನು 'ಪರಿಣಾಮ' ಎಂದುಕೊಂಡದ್ದು ಬಾಟಲಿಯ ಪರಿಣಾಮ.

ನನ್ನ ಬಾರ್ ಚಾರ್ಟಿನಲ್ಲಿ ಸುಳ್ಳು ಇರಲಿಲ್ಲ. ಸರಾಸರಿ ಸರಿಯಾಗಿಯೇ ಇತ್ತು. ಆದರೆ ಓದುವವರಿಗೆ ನನ್ನನ್ನು ಪರೀಕ್ಷಿಸಿ ನೋಡಲು ದಾರಿಯೇ ಇರಲಿಲ್ಲ. ಅಷ್ಟೇ ಅಲ್ಲ, ನನಗೂ ಇರಲಿಲ್ಲ. ಅಂದಿನಿಂದ ಗ್ರಾಫ್ ಮಾಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನನ್ನ ಮಾತನ್ನು ಒಪ್ಪದವರು ಈ ಚಿತ್ರ ನೋಡಿ ನನ್ನ ಜೊತೆ ವಾದ ಮಾಡಬಹುದೇ? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟಿದವು.

ಹಂತ 1: ಗ್ರಾಫ್ ಆಮೇಲೆ, ಮೊದಲು ಫೈಲ್

ಯಂತ್ರದಿಂದ ಬಂದ ಮೂಲ ಫೈಲನ್ನು ಮುಟ್ಟಬೇಡಿ. 'ಓದಲು ಮಾತ್ರ' ಅಂತ ಲಾಕ್ ಮಾಡಿ ಪಕ್ಕಕ್ಕಿಡಿ. ತಿದ್ದುವುದು, ಭಾಗಿಸುವುದು, ತೆಗೆಯುವುದು ಎಲ್ಲ ಅದರ ನಕಲಿನಲ್ಲಿ ನಡೆಯಲಿ. ಆದಷ್ಟೂ ಕೋಡ್ ಮೂಲಕವೇ ಮಾಡಿ. ಕೈಯಲ್ಲಿ ಒಂದು ಸೆಲ್ ಬದಲಿಸಿದರೆ ಆರು ತಿಂಗಳಾದ ಮೇಲೆ ಯಾಕೆ ಬದಲಿಸಿದೆ ಅಂತ ನಿಮಗೇ ನೆನಪಿರುವುದಿಲ್ಲ.

ಫೈಲಿನಲ್ಲಿ ಒಂದು ಸಾಲಿಗೆ ಒಂದು ಅಳತೆ ಇರಲಿ. ಯಾವ ಗುಂಪು, ಯಾವ ಪ್ರಾಣಿ ಅಥವಾ ಯಾವ ವ್ಯಕ್ತಿ, ಯಾವ ದಿನ, ಯಾವ ಬ್ಯಾಚ್, ಅಳೆದವರು ಯಾರು, ಇವಕ್ಕೆಲ್ಲ ಒಂದೊಂದು ಕಾಲಂ ಕೊಡಿ. ಅಳತೆಯನ್ನು ಕೈಬಿಟ್ಟಿದ್ದರೆ ಸಾಲನ್ನು ಅಳಿಸಬೇಡಿ, 'ಬಿಟ್ಟ ಕಾರಣ' ಎನ್ನುವ ಕಾಲಂನಲ್ಲಿ ಬರೆದಿಡಿ. ಹಳದಿ ಬಣ್ಣ ಬಳಿದ ಸೆಲ್ ಅಂದರೆ 'ಅನುಮಾನ' ಎಂಬ ಗುಟ್ಟಿನ ಭಾಷೆ ಬೇಡ. ಫೈಲನ್ನು ಸಿಎಸ್‌ವಿ, ಅಂದರೆ ಬರೀ ಅಕ್ಷರ ಅಂಕಿಗಳ ಫೈಲ್, ಮಾಡಿದ ಕೂಡಲೇ ಆ ಬಣ್ಣ ಮಾಯವಾಗುತ್ತದೆ. ಖಾಲಿ ಸೆಲ್ ಬೇರೆ, ಸೊನ್ನೆ ಬೇರೆ. ಇದನ್ನು ಮರೆತವರು ಬಹಳ ಜನ.

ಎಕ್ಸೆಲ್ ಬಳಸುವವರು ಸ್ವಲ್ಪ ಜಾಸ್ತಿ ಹುಷಾರಾಗಿರಬೇಕು. 'ಸೆಪ್ಟ್2' ಎಂಬ ಜೀನಿನ ಹೆಸರು ಟೈಪ್ ಮಾಡಿದರೆ ಅದು ತಾನಾಗಿಯೇ ಸೆಪ್ಟೆಂಬರ್ 2 ಮಾಡಿಬಿಡುತ್ತಿತ್ತು. 'ಮಾರ್ಚ್1' ಜೀನ್ ಮಾರ್ಚ್ 1ನೇ ತಾರೀಖು ಆಗುತ್ತಿತ್ತು. ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ ಪೇಪರುಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸುಮಾರು ಐದರಲ್ಲಿ ಒಂದು ಪೇಪರಿನಲ್ಲಿ ಇಂಥ ತಪ್ಪು ಸಿಕ್ಕಿತು. ಕೊನೆಗೆ 2020ರ ಹೊತ್ತಿಗೆ ಈ ಜೀನುಗಳ ಹೆಸರನ್ನೇ ಬದಲಿಸಿದರು. ಸಾಫ್ಟ್‌ವೇರ್ ಜಗ್ಗಲಿಲ್ಲ, ಜೀನ್ ಜಗ್ಗಿತು! ಅದೇ ವರ್ಷ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ಕೆಲವು ದಿನ ಲೆಕ್ಕದಿಂದ ಬಿಟ್ಟುಹೋದವು. ಕಾರಣ, ಹಳೆಯ ಎಕ್ಸೆಲ್ ಫೈಲಿನಲ್ಲಿ 65,536 ಸಾಲುಗಳಿಗೆ ಮಾತ್ರ ಜಾಗ. ಉಳಿದವು ಸದ್ದಿಲ್ಲದೆ ಉದುರಿಹೋಗಿದ್ದವು. ಹಾಗಾಗಿ ಫೈಲ್ ತೆರೆದ ತಕ್ಷಣ ಸಾಲುಗಳನ್ನು ಎಣಿಸಿ. ಎಷ್ಟಿರಬೇಕಿತ್ತೋ ಅಷ್ಟಿವೆಯೇ?

ಹಂತ 2: ಲೆಕ್ಕ ಹಾಕುವ ಮೊದಲು ಕಣ್ಣು ಹಾಯಿಸಿ

1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ ನಾಲ್ಕು ಪುಟ್ಟ ಡೇಟಾ ಕಟ್ಟುಗಳನ್ನು ಮುಂದಿಟ್ಟರು. ಒಂದೊಂದರಲ್ಲೂ 11 ಚುಕ್ಕೆ. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ ಸುಮಾರು 7.5, ಎರಡರ ನಂಟು ಎಷ್ಟು ಬಿಗಿ ಎಂದು ಹೇಳುವ ಕೋರಿಲೇಷನ್ ಸುಮಾರು 0.82. ಎಳೆಯಬಹುದಾದ ಸರಳರೇಖೆಯೂ ಒಂದೇ. ಬರೀ ಅಂಕಿ ನೋಡಿದವರು ನಾಲ್ಕೂ ಒಂದೇ ಎನ್ನುತ್ತಾರೆ. ಗ್ರಾಫ್ ಹಾಕಿದರೆ ಒಂದು ಸಾಮಾನ್ಯ ಚದುರಿಕೆ, ಇನ್ನೊಂದು ಬಾಗಿದ ಕಮಾನು. ಮೂರನೆಯದು ನೆಟ್ಟಗಿನ ಗೆರೆ, ಪಕ್ಕದಲ್ಲಿ ದಾರಿ ತಪ್ಪಿದ ಒಂದು ಚುಕ್ಕೆ. ನಾಲ್ಕನೆಯದರಲ್ಲಿ ಹತ್ತು ಚುಕ್ಕೆ ಒಂದೇ ಕಂಬದಂತೆ ನಿಂತಿವೆ, ದೂರದ ಹನ್ನೊಂದನೆಯದೊಂದೇ ಇಡೀ ರೇಖೆಯನ್ನು ತನ್ನತ್ತ ಎಳೆದುಕೊಂಡಿದೆ.

ಇದಕ್ಕೊಂದು ತಮಾಷೆಯ ಮರಿ ಹುಟ್ಟಿತು. ಡೇಟಾ ಚಿತ್ರಣದ ತಜ್ಞ ಆಲ್ಬರ್ಟೊ ಕೈರೊ ಅವರು ಚುಕ್ಕೆಗಳಲ್ಲಿ ಡೈನೋಸಾರ್ ಬಿಡಿಸಿದರು. 2017ರಲ್ಲಿ ಇನ್ನಿಬ್ಬರು ಸಂಶೋಧಕರು ಅದೇ ಸರಾಸರಿ, ಅದೇ ಸ್ಟ್ಯಾಂಡರ್ಡ್ ಡೀವಿಯೇಷನ್ (ಹರಡಿಕೆಯ ಅಳತೆ), ಅದೇ ಕೋರಿಲೇಷನ್ ಬರುವಂತೆ ಇನ್ನೂ ಹನ್ನೆರಡು ಆಕಾರ ಮಾಡಿ ತೋರಿಸಿದರು. ಎರಡನೇ ದಶಮಾಂಶದವರೆಗೂ ಒಂದೇ ಉತ್ತರ! ಒಂದು ನಕ್ಷತ್ರ, ಒಂದು ವೃತ್ತ, ಒಂದು ಗುಣಾಕಾರದ ಗುರುತು. ಸರಾಸರಿಗೆ ಡೈನೋಸಾರೂ ಒಂದೇ, ವೃತ್ತವೂ ಒಂದೇ.

ಹಾಗಾಗಿ ಗುಂಪುಗಳನ್ನು ಹೋಲಿಸುವ ಟಿ ಪರೀಕ್ಷೆ, ಅನೋವಾ ಯಾವುದಕ್ಕೂ ಕೈಹಾಕುವ ಮೊದಲು ಇಷ್ಟು ಮಾಡಿ. ಎಲ್ಲ ಚುಕ್ಕೆಗಳನ್ನೂ ಒಮ್ಮೆ ಹಾಕಿ ನೋಡಿ. ಆಮೇಲೆ ಅಳೆದ ಕ್ರಮದಲ್ಲಿ ಹಾಕಿ, ಸಂಜೆಯ ಹೊತ್ತಿಗೆ ಯಂತ್ರದ ಅಳತೆ ನಿಧಾನವಾಗಿ ಜಾರಿದ್ದರೆ ಗೊತ್ತಾಗುತ್ತದೆ. ಆಮೇಲೆ ದಿನಕ್ಕೊಂದು ಬಣ್ಣ ಕೊಡಿ, ಬ್ಯಾಚಿಗೊಂದು ಬಣ್ಣ ಕೊಡಿ. ಹಿಸ್ಟೋಗ್ರಾಂ ಹಾಕುವುದಾದರೆ ಬಿನ್ ಅಗಲವನ್ನು, ಅಂದರೆ ಒಂದೊಂದು ಕಂಬಕ್ಕೆ ಸೇರುವ ಅಳತೆಗಳ ವ್ಯಾಪ್ತಿಯನ್ನು, ಎರಡು ಮೂರು ಸಲ ಬದಲಿಸಿ. ಒಂದು ಅಗಲದಲ್ಲಿ ಕಂಡ ಎರಡು ದಿಬ್ಬಗಳು ಇನ್ನೊಂದರಲ್ಲಿ ಒಂದಾಗಿಬಿಡಬಹುದು.

ಇಲ್ಲೊಂದು ಬಲೆಯೂ ಇದೆ. ಡೇಟಾವನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ಹೋದರೆ ಏನಾದರೂ ಒಂದು 'ಸಂಗತಿ' ಸಿಕ್ಕೇ ಸಿಗುತ್ತದೆ. ನಿಜದಲ್ಲಿ ಯಾವ ವ್ಯತ್ಯಾಸವೂ ಇಲ್ಲದ ಕಡೆ, ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು 0.05 ಮಟ್ಟದಲ್ಲಿ (ಇಪ್ಪತ್ತರಲ್ಲಿ ಒಂದು ಸಲ ಸುಳ್ಳು ನಕ್ಷತ್ರ ಬೀಳಬಹುದಾದ ಮಟ್ಟ) ಮಾಡಿದರೂ, ಕನಿಷ್ಠ ಒಂದರಲ್ಲಿ ನಕ್ಷತ್ರ ಬೀಳುವ ಸಾಧ್ಯತೆ ಶೇ. 64. ನೋಡುವುದು ತಪ್ಪಲ್ಲ. ನೋಡಿದ ಮೇಲೆ ಹುಟ್ಟಿದ ಪ್ರಶ್ನೆಯನ್ನು ಮೊದಲೇ ಇತ್ತು ಎಂಬಂತೆ ಬರೆಯುವುದು ತಪ್ಪು. ಪೇಪರಿನಲ್ಲಿ 'ಇದು ಹುಡುಕಾಟದಲ್ಲಿ ಸಿಕ್ಕಿದ್ದು' ಅಂತ ಒಂದು ಸಾಲು ಹಾಕಿದರೆ ಯಾರೂ ನಿಮ್ಮನ್ನು ಬೈಯುವುದಿಲ್ಲ.

ಹಂತ 3: ನಿಮ್ಮ 'ಎನ್' ಯಾವುದು?

ನಾನು ಮುಗ್ಗರಿಸಿದ್ದು ಇಲ್ಲೇ. ಮೂರು ದಿನ, ದಿನಕ್ಕೆ ಎಂಟು ಅಳತೆ. ಅದು 24 ಪ್ರಯೋಗ ಅಲ್ಲ, ಮೂರು ಪ್ರಯೋಗ. ಒಂದೇ ಇಲಿಯ ಲಿವರಿನಿಂದ ನೂರು ಜೀವಕೋಶ ಅಳೆದರೆ ನೂರು ಇಲಿ ಆಗುವುದಿಲ್ಲ ಅಲ್ವಾ? ಪ್ರಯೋಗದ ಒಂದೇ ತಟ್ಟೆಯ ಎಂಟು ಗುಳಿಗಳು ಒಂದೇ ಮನೆಯ ಎಂಟು ಮಕ್ಕಳಿದ್ದ ಹಾಗೆ. ಅವು ಒಂದನ್ನೊಂದು ಹೋಲುತ್ತವೆ. ಅವನ್ನು ಬೇರೆ ಬೇರೆ ಅಂತ ಎಣಿಸಿದರೆ ಎರರ್ ಬಾರ್ ಸುಮ್ನೆ ಕುಗ್ಗುತ್ತದೆ, ನಕ್ಷತ್ರ ಸುಮ್ನೆ ಹೊಳೆಯುತ್ತದೆ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲೇ ಇದನ್ನು 'ಸೂಡೊರೆಪ್ಲಿಕೇಷನ್' ಎಂಬ ಹೆಸರಿಟ್ಟು ಎಚ್ಚರಿಸಿದ್ದರು. ಹುಸಿ ಪುನರಾವರ್ತನೆ ಅನ್ನಬಹುದು. ನಲವತ್ತು ವರ್ಷ ಕಳೆದರೂ ಅದು ಲ್ಯಾಬ್ ಬಿಟ್ಟು ಹೋಗಿಲ್ಲ.

ಎನ್ ಕಂಡುಹಿಡಿಯಲು ಒಂದು ಪ್ರಶ್ನೆ ಸಾಕು: ಔಷಧವೋ ಗೊಬ್ಬರವೋ ಪಾಠವೋ, ಅದನ್ನು ನಾನು ಬೇರೆ ಬೇರೆಯಾಗಿ ಕೊಟ್ಟದ್ದು ಯಾವುದಕ್ಕೆ? ಇಡೀ ತರಗತಿಗೆ ಒಂದು ಹೊಸ ವಿಧಾನದಲ್ಲಿ ಪಾಠ ಮಾಡಿದರೆ ಎನ್ ಅಂದರೆ ತರಗತಿಗಳ ಸಂಖ್ಯೆ, ಮಕ್ಕಳ ಸಂಖ್ಯೆ ಅಲ್ಲ.

ಚಿತ್ರದಲ್ಲಿ ಎರಡನ್ನೂ ತೋರಿಸಬಹುದು. ಜೀವಕೋಶಗಳನ್ನು ಸಣ್ಣ, ಮಸುಕಾದ ಚುಕ್ಕೆಗಳಾಗಿ ಹಾಕಿ, ದಿನಕ್ಕೊಂದು ಬಣ್ಣ ಕೊಡಿ. ಅದರ ಮೇಲೆ ಆಯಾ ದಿನದ ಸರಾಸರಿಯನ್ನು ಅದೇ ಬಣ್ಣದ ದೊಡ್ಡ ಚುಕ್ಕೆಯಾಗಿ ಇಡಿ. ಎರರ್ ಬಾರ್, ಪರೀಕ್ಷೆ ಎರಡೂ ದೊಡ್ಡ ಚುಕ್ಕೆಗಳ ಮೇಲೆ ನಡೆಯಲಿ. ಇದನ್ನು 'ಸೂಪರ್‌ಪ್ಲಾಟ್' ಅನ್ನುತ್ತಾರೆ. ನನ್ನ ಮಟ್ಟಿಗೆ ಕಳೆದ ಕೆಲವು ವರ್ಷಗಳಲ್ಲಿ ಬಂದ ಅತಿ ಉಪಯುಕ್ತ ಗ್ರಾಫ್ ಇದು. ಲೆಕ್ಕದಲ್ಲಿ ಎಲ್ಲ ಅಳತೆಗಳನ್ನೂ ಬಳಸಲೇಬೇಕು ಅನ್ನುವವರು ಒಂದೇ ದಿನದ ಅಳತೆಗಳ ನಂಟನ್ನೂ ಲೆಕ್ಕಕ್ಕೆ ತರುವ ಮಿಕ್ಸೆಡ್ ಮಾಡೆಲ್ ಕಲಿಯಬೇಕು. ಅದರ ದಾರಿ ಬೇರೆ, ಆದರೆ ಚಿತ್ರ ಇದೇ.

ಹಂತ 4: ಆಕಾರ ಆರಿಸಿಕೊಳ್ಳಿ

ಮೂರು ಗುಂಪುಗಳನ್ನು ತೆಗೆದುಕೊಳ್ಳಿ, ಒಂದೊಂದರಲ್ಲಿ ಆರು ಅಳತೆ.

ಮೊದಲ ಗುಂಪು: 4.8, 4.9, 5.0, 5.0, 5.1, 5.2.
ಎರಡನೆಯದು: 2.0, 2.0, 2.1, 7.9, 8.0, 8.0.
ಮೂರನೆಯದು: 3.9, 4.0, 4.0, 4.0, 4.1, 10.0.

ಮೂರರ ಸರಾಸರಿಯೂ 5. ಬಾರ್ ಚಾರ್ಟ್ ಹಾಕಿದರೆ ಮೂರೂ ಒಂದೇ ಎತ್ತರ. ಎರರ್ ಬಾರ್ ಉದ್ದ ಬೇರೆ ಇರುತ್ತದೆ, ನಿಜ. ಆದರೆ ಎರಡನೇ ಗುಂಪು ಇಬ್ಭಾಗವಾಗಿದೆ, ಮೂರನೆಯದರಲ್ಲಿ ಒಂದೇ ಒಂದು ಅಳತೆ ಹಾರಿದೆ ಅನ್ನುವುದನ್ನು ಯಾವ ಎರರ್ ಬಾರೂ ಹೇಳುವುದಿಲ್ಲ. ಎರಡನೇ ಗುಂಪಿನಲ್ಲಂತೂ 5ರ ಹತ್ತಿರ ಒಂದು ಅಳತೆಯೂ ಇಲ್ಲ!

2015ರಲ್ಲಿ ಟ್ರೇಸಿ ವೈಸ್‌ಗರ್ಬರ್ ಮತ್ತು ಜೊತೆಗಾರರು ಶರೀರಕ್ರಿಯಾ ವಿಜ್ಞಾನದ ಮುಂಚೂಣಿ ಜರ್ನಲ್‌ಗಳ 703 ಪೇಪರುಗಳನ್ನು ತಡಕಾಡಿದರು. ಶೇ. 85ಕ್ಕೂ ಹೆಚ್ಚು ಪೇಪರುಗಳಲ್ಲಿ ಕನಿಷ್ಠ ಒಂದು ಬಾರ್ ಗ್ರಾಫ್ ಇತ್ತು. ಸ್ಯಾಂಪಲ್ ಕಡಿಮೆ ಇರುವ ಕಡೆಯೇ ಬಾರ್ ಜಾಸ್ತಿ ಮೋಸ ಮಾಡುವುದು, ಅಲ್ಲಿಯೇ ಅದರ ಬಳಕೆಯೂ ಜೋರು. ಬಾರಿಗೆ ಇನ್ನೊಂದು ದೋಷ ಇದೆ. 2012ರ ಒಂದು ಅಧ್ಯಯನದ ಪ್ರಕಾರ, ಸರಾಸರಿಯಿಂದ ಅಷ್ಟೇ ದೂರದಲ್ಲಿದ್ದರೂ, ಬಾರ್ ಒಳಗೆ ಬೀಳುವ ಅಳತೆಯೇ ಹೆಚ್ಚು ಸಹಜ ಅಂತ ಜನರಿಗೆ ಅನ್ನಿಸುತ್ತದೆ. ಬಣ್ಣ ತುಂಬಿದ ಪೆಟ್ಟಿಗೆಯೊಳಗೆ ಡೇಟಾ ಇದೆ ಅಂತ ಕಣ್ಣು ನಂಬಿಬಿಡುತ್ತದೆ. ನಿಜಕ್ಕೂ ಡೇಟಾ ಬಾರಿನ ತುದಿಯ ಮೇಲೂ ಇರುತ್ತದೆ, ಕೆಳಗೂ ಇರುತ್ತದೆ.

ಹಾಗಾದರೆ ಬಾರ್ ಬೇಡವೇ? ಎಣಿಕೆಗೆ ಬೇಕು. 40 ಗಿಡ ಬದುಕಿದವು, 12 ಸತ್ತವು ಅನ್ನುವುದಕ್ಕೆ ಬಾರ್ ಸರಿಯಾದ ಆಕಾರ. ಅಳತೆಗಳ ಸರಾಸರಿಗೆ ಬೇಡ.

ನಾನು ಅನುಸರಿಸುವ ಲೆಕ್ಕ ಹೀಗಿದೆ. ಗುಂಪಿನಲ್ಲಿ ಹತ್ತೋ ಹದಿನೈದೋ ಅಳತೆಗಳಿದ್ದರೆ ಬರೀ ಚುಕ್ಕೆ, ಮಧ್ಯಾಂಕಕ್ಕೆ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವಿನ ಅಳತೆಗೆ) ಒಂದು ಗೆರೆ. ಚುಕ್ಕೆಗಳು ಒಂದರ ಮೇಲೊಂದು ಕೂರದಂತೆ ಅಕ್ಕಪಕ್ಕಕ್ಕೆ ಸ್ವಲ್ಪ ಸರಿಸಿ, ಮೇಲೆ ಕೆಳಗೆ ಮಾತ್ರ ಸರಿಸಬೇಡಿ. ಇಪ್ಪತ್ತು ಮೂವತ್ತು ದಾಟಿದರೆ ಬಾಕ್ಸ್ ಪ್ಲಾಟ್, ಅದರ ಮೇಲೂ ಚುಕ್ಕೆ. ನೂರಾರು ಇದ್ದರೆ ವಯೊಲಿನ್ ಪ್ಲಾಟ್, ಅಂದರೆ ಅಳತೆಗಳು ಹೆಚ್ಚಿರುವ ಕಡೆ ಅಗಲವಾಗುವ ಆಕಾರ. ಸಾವಿರಾರು ಇರುವ ಚದುರಿಕೆ ಚಿತ್ರದಲ್ಲಿ ಚುಕ್ಕೆಗಳನ್ನು ಅರೆಪಾರದರ್ಶಕ ಮಾಡಿ, ಇಲ್ಲವೇ ಷಟ್ಕೋನದ ಮನೆಗಳಾಗಿ ವಿಂಗಡಿಸಿ ದಟ್ಟಣೆ ತೋರಿಸಿ. ಈ ಸಂಖ್ಯೆಗಳೇನೂ ಶಾಸನವಲ್ಲ, ನನ್ನ ಕೈಗೆ ಒಗ್ಗಿದ ಅಳತೆ.

ಬಾಕ್ಸ್ ಪ್ಲಾಟನ್ನು ಜನಪ್ರಿಯ ಮಾಡಿದ್ದು ಜಾನ್ ಟ್ಯೂಕಿ. ಪೆಟ್ಟಿಗೆಯೊಳಗೆ ಮಧ್ಯದ ಅರ್ಧದಷ್ಟು ಅಳತೆಗಳಿರುತ್ತವೆ, ಒಳಗಿನ ಗೆರೆ ಮಧ್ಯಾಂಕ. ಆದರೆ ಪೆಟ್ಟಿಗೆಯಿಂದ ಹೊರಚಾಚುವ ಗೆರೆ, ಅಂದರೆ ಮೀಸೆ, ಎಲ್ಲಿಯವರೆಗೆ ಹೋಗಬೇಕು ಎಂಬುದರಲ್ಲಿ ಒಮ್ಮತ ಇಲ್ಲ. ಕೆಲವರು ಪೆಟ್ಟಿಗೆಯ ಎತ್ತರದ ಒಂದೂವರೆ ಪಟ್ಟಿನೊಳಗಿರುವ ಕೊನೆಯ ಅಳತೆಯವರೆಗೆ ಎಳೆಯುತ್ತಾರೆ, ಕೆಲವರು ಅತಿ ಚಿಕ್ಕ ಮತ್ತು ಅತಿ ದೊಡ್ಡ ಅಳತೆಯವರೆಗೆ. ನೀವು ಎಳೆದದ್ದು ಯಾವುದು ಎಂದು ಬರೆಯಲೇಬೇಕು. ಎರಡು ದಿಬ್ಬಗಳಿರುವ ಡೇಟಾ ಬಾಕ್ಸ್ ಒಳಗೆ ಬಾರಿನಷ್ಟೇ ಚೆನ್ನಾಗಿ ಅವಿತುಕೊಳ್ಳುತ್ತದೆ ಎಂಬುದೂ ನೆನಪಿರಲಿ. ವಯೊಲಿನ್ ಕಥೆ ಇನ್ನೊಂದು. ಅದು ಡೇಟಾ ಇಲ್ಲದ ಕಡೆಗೂ ನುಣ್ಣಗೆ ಚಾಚಿಕೊಳ್ಳುತ್ತದೆ. ತೂಕದ ಗ್ರಾಫಿನಲ್ಲಿ ಸೊನ್ನೆಗಿಂತ ಕೆಳಗೆ ಇಳಿದ ವಯೊಲಿನ್ ನೋಡಿದ್ದೇನೆ. ಆರು ಅಳತೆಗೆ ವಯೊಲಿನ್ ಹಾಕುವುದು ಆರು ಇಟ್ಟಿಗೆ ತಂದಿಟ್ಟು ಬಂಗಲೆ ತೋರಿಸಿದ ಹಾಗೆ.

ಒಬ್ಬರನ್ನೇ 'ಮೊದಲು' ಮತ್ತು 'ಆಮೇಲೆ' ಅಳೆದಿದ್ದರೆ ಎರಡು ಚುಕ್ಕೆಗಳ ನಡುವೆ ಗೆರೆ ಎಳೆಯಿರಿ. ಹತ್ತು ಜನರಲ್ಲಿ ಒಂಬತ್ತು ಗೆರೆ ಮೇಲೇರುತ್ತಿದೆಯೋ, ಐದು ಏರಿ ಐದು ಇಳಿಯುತ್ತಿದೆಯೋ ಎಂಬುದೇ ಅಲ್ಲಿನ ಕಥೆ. ಎರಡು ಬೇರೆ ಬಾರ್ ಹಾಕಿದರೆ ಆ ಕಥೆಯೇ ಸತ್ತುಹೋಗುತ್ತದೆ.

ಪೈ ಚಾರ್ಟ್? 1984ರಲ್ಲಿ ಕ್ಲೀವ್‌ಲೆಂಡ್ ಮತ್ತು ಮೆಗಿಲ್ ನಡೆಸಿದ ಪ್ರಯೋಗಗಳಲ್ಲಿ, ಜನ ಒಂದೇ ಅಳತೆಪಟ್ಟಿಯ ಮೇಲಿನ ಜಾಗವನ್ನು ಚೆನ್ನಾಗಿ ಹೋಲಿಸಿದರು, ಕೋನವನ್ನು ಹೋಲಿಸುವಾಗ ಎಡವಿದರು. ಮೂರು ಆಯಾಮದ ಪೈ ಬಗ್ಗೆ ನಾನು ಮಾತಾಡುವುದಿಲ್ಲ.

ಹಂತ 5: ಎರರ್ ಬಾರ್ ಅಂದರೆ ಯಾವ ಎರರ್?

ಅತಿ ಹೆಚ್ಚು ಗೊಂದಲ ಇಲ್ಲಿದೆ. ಒಂದೇ ಡೇಟಾಕ್ಕೆ ಮೂರು ಬೇರೆ ಉದ್ದದ ಬಾರ್ ಹಾಕಬಹುದು, ಮೂರೂ ಲೆಕ್ಕದ ಪ್ರಕಾರ ಸರಿ. ಒಂದು ಗುಂಪಿನಲ್ಲಿ 9 ಅಳತೆ, ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದರೆ ಎಸ್‌ಡಿ 12 ಅಂತಿಟ್ಟುಕೊಳ್ಳಿ. ಅದನ್ನು 9ರ ವರ್ಗಮೂಲ 3ರಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್ 4. ಅದನ್ನು 2.306ರಿಂದ ಗುಣಿಸಿದರೆ ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್, ಮೇಲೆ ಕೆಳಗೆ 9.2ರಷ್ಟು. ಹನ್ನೆರಡು, ನಾಲ್ಕು, ಒಂಬತ್ತು ಚಿಲ್ಲರೆ. ಪೇಪರುಗಳಲ್ಲಿ ಸ್ಟ್ಯಾಂಡರ್ಡ್ ಎರರ್ ಯಾಕೆ ಅಷ್ಟು ಜನಪ್ರಿಯ ಅಂತ ಈಗ ಗೊತ್ತಾಯಿತೇ? ಅದು ಮೂರರಲ್ಲಿ ಗಿಡ್ಡ.

ಎಸ್‌ಡಿ ಹೇಳುವುದು ಅಳತೆಗಳು ಎಷ್ಟು ಹರಡಿಕೊಂಡಿವೆ ಎಂಬುದನ್ನು. ಸ್ಯಾಂಪಲ್ ಹೆಚ್ಚಿಸಿದರೆ ಅದು ಕುಗ್ಗುವುದಿಲ್ಲ, ನಿಜವಾದ ಹರಡಿಕೆಯ ಹತ್ತಿರ ಬರುತ್ತದೆ ಅಷ್ಟೇ. ಕಾನ್ಫಿಡೆನ್ಸ್ ಇಂಟರ್ವಲ್ ಹೇಳುವುದು ನಿಮ್ಮ ಸರಾಸರಿಯನ್ನು ಎಷ್ಟು ನಂಬಬಹುದು ಎಂಬುದನ್ನು. ಇದು ಸ್ಯಾಂಪಲ್ ಹೆಚ್ಚಿದಂತೆ ಕುಗ್ಗುತ್ತದೆ. ಹರಡಿಕೆ ತೋರಿಸಬೇಕಿದ್ದರೆ ಚುಕ್ಕೆಗಳನ್ನೇ ಹಾಕಿ, ಎಸ್‌ಡಿ ಬೇಕೇ ಆಗದು. ನಂಬಿಕೆ ತೋರಿಸಬೇಕಿದ್ದರೆ ಕಾನ್ಫಿಡೆನ್ಸ್ ಇಂಟರ್ವಲ್ ಹಾಕಿ. ಸ್ಟ್ಯಾಂಡರ್ಡ್ ಎರರನ್ನು ಚಿತ್ರದಲ್ಲಿ ಹಾಕಲು ನನಗೆ ಒಳ್ಳೆಯ ಕಾರಣವೇ ಕಾಣುವುದಿಲ್ಲ.

ಎನ್ ಮೂರು ಇದ್ದಾಗ ಸ್ಟ್ಯಾಂಡರ್ಡ್ ಎರರನ್ನು 4.3ರಿಂದ ಗುಣಿಸಬೇಕು. ಬಾರ್ ಪುಟದಾಚೆ ಹೋಗುತ್ತದೆ. ಅದೇ ಸತ್ಯ, ಮೂರು ಅಳತೆಯಿಂದ ಅಷ್ಟೇ ಗೊತ್ತಾಗುವುದು. ಆಗ ಮೂರು ಚುಕ್ಕೆ ಹಾಕಿ ಸುಮ್ಮನಾಗಿ.

'ಎರರ್ ಬಾರ್ ಒಂದಕ್ಕೊಂದು ತಾಗಿದರೆ ವ್ಯತ್ಯಾಸ ಇಲ್ಲ' ಎಂಬ ಮಾತು ಲ್ಯಾಬಿನಿಂದ ಲ್ಯಾಬಿಗೆ ಹರಡಿದೆ. ಇದು ತಪ್ಪು. ಸ್ವತಂತ್ರವಾದ, ದೊಡ್ಡ, ಒಂದೇ ಗಾತ್ರದ ಮತ್ತು ಒಂದೇ ಹರಡಿಕೆಯ ಎರಡು ಗುಂಪುಗಳಿದ್ದರೆ, ಶೇ. 95ರ ಇಂಟರ್ವಲ್‌ಗಳ ತುದಿಗಳು ಈಗಷ್ಟೇ ತಾಗಿದಾಗ ಪಿ ಬೆಲೆ (ನಿಜದಲ್ಲಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಸಿಗುವ ಸಾಧ್ಯತೆ) ಸುಮಾರು 0.006. ಅಂದರೆ ವ್ಯತ್ಯಾಸ ಚೆನ್ನಾಗಿಯೇ ಇದೆ. ಸ್ಟ್ಯಾಂಡರ್ಡ್ ಎರರ್ ಬಾರ್‌ಗಳು ತಾಗಿದಾಗ ಪಿ ಸುಮಾರು 0.16. ಒಂದೇ ನೋಟ, ಎರಡು ತೀರ್ಪು. 2005ರಲ್ಲಿ ನಡೆಸಿದ ಸಮೀಕ್ಷೆಯೊಂದರಲ್ಲಿ, ಪೇಪರ್ ಪ್ರಕಟಿಸಿದ ಸಂಶೋಧಕರಲ್ಲೇ ಹಲವರು ಈ ಎರಡನ್ನೂ ತಪ್ಪಾಗಿ ಓದಿದ್ದರು. ಒಬ್ಬರನ್ನೇ ಎರಡು ಸಲ ಅಳೆದ ಡೇಟಾದಲ್ಲಂತೂ ತಾಗುವುದು ಬಿಡುವುದಕ್ಕೆ ಅರ್ಥವೇ ಇಲ್ಲ. ಅಲ್ಲಿ ವ್ಯತ್ಯಾಸಕ್ಕೇ ಒಂದು ಇಂಟರ್ವಲ್ ಬೇಕು.

ನಿಜ ಹೇಳಬೇಕೆಂದರೆ, ಎಲ್ಲ ಡೇಟಾದಲ್ಲೂ ಅದೇ ಒಳ್ಳೆಯ ದಾರಿ. ಎಡಗಡೆ ಎರಡು ಗುಂಪಿನ ಚುಕ್ಕೆ. ಬಲಗಡೆ ಅವುಗಳ ಸರಾಸರಿಯ ವ್ಯತ್ಯಾಸ, ಅದರ ಇಂಟರ್ವಲ್, ಸೊನ್ನೆಯ ಬಳಿ ಒಂದು ಗೆರೆ. ವ್ಯತ್ಯಾಸ ಎಷ್ಟು ದೊಡ್ಡದು, ಎಷ್ಟು ಖಚಿತ, ಎರಡೂ ಒಮ್ಮೆಗೇ ಕಾಣುತ್ತವೆ. ನಕ್ಷತ್ರ ಇವೆರಡನ್ನೂ ಹೇಳುವುದಿಲ್ಲ. ಪಿ ಬೆಲೆ ಬೇಕಿದ್ದರೆ 0.03 ಅಂತ ಅಂಕಿಯಲ್ಲೇ ಬರೆಯಿರಿ. 0.05 ದಾಟಿತೋ ಇಲ್ಲವೋ ಅಷ್ಟನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ ಎಂದು ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಹೇಳಿಕೆಯನ್ನೇ ಹೊರಡಿಸಿತ್ತು.

ಹಂತ 6: ಅಕ್ಷಗಳು

ಬಾರ್ ಸೊನ್ನೆಯಿಂದಲೇ ಶುರುವಾಗಬೇಕು, ಏಕೆಂದರೆ ಓದುವವರು ಅದರ ಉದ್ದವನ್ನು ಓದುತ್ತಾರೆ. 98 ಮತ್ತು 100 ಇರುವ ಎರಡು ಬಾರ್‌ಗಳನ್ನು 97ರಿಂದ ಶುರು ಮಾಡಿದರೆ ಒಂದು ಇನ್ನೊಂದರ ಮೂರು ಪಟ್ಟು ಕಾಣುತ್ತದೆ. ಚುಕ್ಕೆಗಳಿಗೆ ಈ ಕಟ್ಟುಪಾಡು ಇಲ್ಲ. ಮನುಷ್ಯರ ದೇಹದ ಉಷ್ಣಾಂಶವನ್ನು ಸೊನ್ನೆಯಿಂದ ತೋರಿಸಿದರೆ ಜ್ವರವೇ ಕಾಣುವುದಿಲ್ಲ.

ಪಟ್ಟುಗಳ ಲೆಕ್ಕ ಇದ್ದರೆ ಲಾಗ್ ಅಕ್ಷ ಬಳಸಿ, ಅದರಲ್ಲಿ ಒಂದೊಂದು ಹೆಜ್ಜೆಗೂ ಅಳತೆ ಇಷ್ಟು ಪಟ್ಟು ಎಂದು ಏರುತ್ತದೆ. ಎರಡು ಪಟ್ಟು ಏರುವುದು, ಅರ್ಧಕ್ಕೆ ಇಳಿಯುವುದು ಒಂದೇ ಅಳತೆಯ ಬದಲಾವಣೆ. ಆದರೆ ಸಾಮಾನ್ಯ ಅಕ್ಷದಲ್ಲಿ 1ರಿಂದ 2 ದೂರ, 1ರಿಂದ 0.5 ಹತ್ತಿರ. ಲಾಗ್ ಅಕ್ಷದಲ್ಲಿ ಎರಡೂ ಸಮ ದೂರ. ಲಾಗ್ ಅಂತ ಅಕ್ಷದ ಮೇಲೆ ಬರೆಯಿರಿ. ಅಲ್ಲಿ ಸೊನ್ನೆಗೆ ಜಾಗ ಇಲ್ಲ, ಹಾಗಾಗಿ ಬಾರಿಗೂ ಇಲ್ಲ. ಸೊನ್ನೆ ಅಳತೆಗಳಿಗೆ 1 ಕೂಡಿಸಿ ತೂರಿಸಿದ್ದರೆ ಅದನ್ನೂ ಹೇಳಿ.

ಎಡಕ್ಕೊಂದು, ಬಲಕ್ಕೊಂದು ವೈ ಅಕ್ಷ ಹಾಕಬೇಡಿ. ಅಳತೆಪಟ್ಟಿಯನ್ನು ಎಳೆದಾಡಿ ಯಾವ ಎರಡು ಗೆರೆಗಳನ್ನಾದರೂ ಎಲ್ಲಿ ಬೇಕಾದರೂ ಒಂದರ ಮೇಲೊಂದು ಕೂರಿಸಬಹುದು. ಒಂದರ ಕೆಳಗೊಂದು ಎರಡು ಗ್ರಾಫ್ ಸಾಕು. ಅಕ್ಕಪಕ್ಕದಲ್ಲಿ ಹೋಲಿಕೆಗೆ ಇಟ್ಟ ಚಿತ್ರಗಳಿಗೆ ಒಂದೇ ಅಳತೆಪಟ್ಟಿ ಇರಲಿ. ಚುಕ್ಕೆಗಳ ಒಲವು ತೋರಿಸುವ ರಿಗ್ರೆಷನ್ ಗೆರೆಯನ್ನು ಕೊನೆಯ ಚುಕ್ಕೆಯಾಚೆ ಎಳೆಯಬೇಡಿ.

ಹಂತ 7: ಬಣ್ಣ

ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಜನರಿಗೆ ಕೆಂಪು ಹಸಿರು ಸರಿಯಾಗಿ ಬೇರೆಯಾಗಿ ಕಾಣುವುದಿಲ್ಲ. ಬೇರೆ ಕಡೆ ಈ ಪ್ರಮಾಣ ಕಡಿಮೆ ಇದ್ದರೂ ಇದ್ದೇ ಇದೆ. ನೀಲಿ ಮತ್ತು ಕಿತ್ತಳೆ ಬಳಸಿ, ಜೊತೆಗೆ ಚುಕ್ಕೆಯ ಆಕಾರವನ್ನೂ ಬದಲಿಸಿ. ಕಾಮನಬಿಲ್ಲಿನ ಬಣ್ಣಪಟ್ಟಿ ಬೇಡ. ಅದರಲ್ಲಿ ಹಳದಿ ಬಂದ ಕಡೆ ಡೇಟಾದಲ್ಲಿ ಇಲ್ಲದ ಏಣು ಕಾಣುತ್ತದೆ. ಪೈಥಾನ್ ಎಂಬ ಕೋಡ್ ಭಾಷೆಯಲ್ಲಿ ಗ್ರಾಫ್ ಮಾಡುವ ಮ್ಯಾಟ್‌ಪ್ಲಾಟ್‌ಲಿಬ್ 2017ರ 2.0 ಆವೃತ್ತಿಯಿಂದ ಅದನ್ನು ಬಿಟ್ಟು 'ವಿರಿಡಿಸ್' ಪಟ್ಟಿಗೆ ಬದಲಾಯಿತು. ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು ನೋಡಿ, ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಹಂತ 8: ಬಿಟ್ಟದ್ದನ್ನೂ ತೋರಿಸಿ

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ ಒಂದೇ ನಿಮಿಷದ ಮೇಲೆ ಸಿಡಿದು ಏಳು ಜನ ಸತ್ತರು. ಚಳಿಗೆ ಬಿರುಸಾದ ಓ ರಿಂಗ್ ಎಂಬ ರಬ್ಬರ್ ಬಳೆ ಕಾರಣ. ಹಿಂದಿನ ರಾತ್ರಿ ಚಳಿಗೂ ಬಳೆಗಳ ಹಾನಿಗೂ ಸಂಬಂಧ ಇದೆಯೇ ಎಂಬ ಚರ್ಚೆ ನಡೆದಿತ್ತು. ಆದರೆ ಚರ್ಚೆ ಮಾಡಿದವರ ಮುಂದಿದ್ದದ್ದು ಹಾನಿಯಾದ ಹಾರಾಟಗಳು ಮಾತ್ರ. ಅವಷ್ಟನ್ನೇ ನೋಡಿದರೆ ಸಂಬಂಧ ಕಾಣುವುದಿಲ್ಲ. ಏನೂ ಆಗದ ಹಾರಾಟಗಳನ್ನು ಸೇರಿಸಿದರೆ ಚಿತ್ರವೇ ಬೇರೆ. 66 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಮೇಲಿದ್ದ 20 ಹಾರಾಟಗಳಲ್ಲಿ ತೊಂದರೆ ಆದದ್ದು ಮೂರರಲ್ಲಿ. 63 ಅಥವಾ ಅದಕ್ಕಿಂತ ಕೆಳಗಿದ್ದ ನಾಲ್ಕು ಹಾರಾಟಗಳಲ್ಲಿ ನಾಲ್ಕರಲ್ಲೂ. ಆ ಬೆಳಿಗ್ಗೆ ಹಾರುವಾಗ ಇದ್ದದ್ದು 36.

ಸೊನ್ನೆಯೂ ಡೇಟಾವೇ. 'ಏನೂ ಆಗಲಿಲ್ಲ' ಎಂಬ ಪ್ರಯೋಗಗಳನ್ನು ಗ್ರಾಫಿನಿಂದ ಬಿಡಬೇಡಿ. ದೂರ ಬಿದ್ದ ಚುಕ್ಕೆಯನ್ನು ಲೆಕ್ಕದಿಂದ ತೆಗೆಯಲು ನಿಜವಾದ ಕಾರಣ ಇದ್ದರೆ, ಚಿತ್ರದಲ್ಲಿ ಅದನ್ನು ಖಾಲಿ ವೃತ್ತವಾಗಿ ಉಳಿಸಿ. ತೆಗೆಯುವ ನಿಯಮವನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಿ.

ಹಂತ 9: ಚಿತ್ರದ ಕೆಳಗಿನ ಬರಹ

ಚಿತ್ರವನ್ನು ಕತ್ತರಿಸಿ ಬೇರೆಲ್ಲೋ ಅಂಟಿಸಿದರೂ ಅರ್ಥವಾಗುವಷ್ಟು ಬರೆಯಿರಿ. ಹೀಗೆ:

'ಒಂದು ಚುಕ್ಕೆ ಅಂದರೆ ಒಂದು ಇಲಿ. ಕಂಟ್ರೋಲ್ 9, ಔಷಧ 8. ಔಷಧ ಗುಂಪಿನ ಒಂದು ಇಲಿ ಮೂರನೇ ದಿನ ಸತ್ತಿದ್ದರಿಂದ ಸೇರಿಲ್ಲ. ಅಡ್ಡಗೆರೆ ಸರಾಸರಿ, ಲಂಬಗೆರೆ ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್. ಅಳೆದವರಿಗೆ ಯಾವ ಇಲಿ ಯಾವ ಗುಂಪಿನದು ಎಂದು ಗೊತ್ತಿರಲಿಲ್ಲ. ವೆಲ್ಚ್ ಟಿ ಪರೀಕ್ಷೆ, ಎರಡು ಬದಿ.'

ಆರು ಪುಟ್ಟ ವಾಕ್ಯ. ಆದರೂ ಪೇಪರುಗಳಲ್ಲಿ 'ಎರರ್ ಬಾರ್' ಯಾವುದೆಂದು ಹುಡುಕಲು ನಾನು ಎಷ್ಟೋ ಸಲ ಪುಟ ತಿರುಗಿಸಿ ಸೋತಿದ್ದೇನೆ.

ಹಂತ 10: ಬೇರೆಯವರ ಕೈಯಲ್ಲಿ ಅದೇ ಗ್ರಾಫ್ ಬರಬೇಕು

ಆರ್ ಅಥವಾ ಪೈಥಾನ್‌ನಲ್ಲಿ ಗ್ರಾಫ್ ಮಾಡಿದರೆ ಕೋಡೇ ಸಾಕ್ಷಿ. ಚುಕ್ಕೆಗಳನ್ನು ಅಕ್ಕಪಕ್ಕ ಸರಿಸುವುದು ಯಾದೃಚ್ಛಿಕ, ಹಾಗಾಗಿ ಅದು ಎಲ್ಲಿಂದ ಶುರುವಾಗಬೇಕು ಎಂದು ಹೇಳುವ ಸೀಡ್ ಸಂಖ್ಯೆ ಕೊಡಿ, ಇಲ್ಲದಿದ್ದರೆ ಪ್ರತಿ ಸಲ ಬೇರೆ ಚಿತ್ರ ಬರುತ್ತದೆ. ಪ್ಯಾಕೇಜುಗಳ ಆವೃತ್ತಿ ಬರೆದಿಡಿ. ಚಿತ್ರವನ್ನು ಪಿಡಿಎಫ್ ಅಥವಾ ಎಸ್‌ವಿಜಿ ಮಾಡಿ, ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ. ಜೆಪೆಗ್ ಫೋಟೋಗೆ ಸರಿ, ಗ್ರಾಫಿಗೆ ಅಲ್ಲ. ಡೇಟಾ ಮತ್ತು ಕೋಡ್ ಎರಡನ್ನೂ ಆನ್‌ಲೈನ್ ಭಂಡಾರಗಳಾದ ಝೆನೋಡೊ, ಡ್ರಯಾಡ್, ಓಎಸ್‌ಎಫ್‌ನಂಥ ಕಡೆ ಇಟ್ಟು ಡಿಒಐ ಎಂಬ ಶಾಶ್ವತ ಗುರುತು ಪಡೆಯಿರಿ. 'ಕೇಳಿದರೆ ಕೊಡುತ್ತೇವೆ' ಎಂದು ಬರೆದವರಿಗೆ ಮೇಲ್ ಕಳಿಸಿ ಕಾದು ನೋಡಿದ್ದರೆ ಈ ಮಾತಿನ ಕಾರಣ ನಿಮಗೆ ಗೊತ್ತಿರುತ್ತದೆ. ರೋಗಿಗಳ ಡೇಟಾ ಆದರೆ ಗುರುತು ಸಿಗುವಂಥದ್ದನ್ನೆಲ್ಲ ಮೊದಲು ತೆಗೆಯಬೇಕು, ಚುಕ್ಕೆಗಳಿಂದಲೂ ವ್ಯಕ್ತಿಯ ಗುರುತು ಸಿಗಬಹುದು ಎಂಬುದನ್ನು ಮರೆಯಬಾರದು.

ಕಳಿಸುವ ಮೊದಲು ಆ ಫೋಲ್ಡರನ್ನು ಲ್ಯಾಬಿನ ಇನ್ನೊಬ್ಬರಿಗೆ ಕೊಡಿ. ಪಕ್ಕದಲ್ಲಿ ಕೂತು ವಿವರಿಸಬೇಡಿ, 'ಇದರಿಂದ ಚಿತ್ರ 2 ಮಾಡಿಕೊಡು' ಅಂತ ಮಾತ್ರ ಹೇಳಿ. ನಾನು ಆ ಹಳೆಯ ಪೇಪರನ್ನು ತಿದ್ದಿ ಬರೆದಾಗ ಹೀಗೇ ಗೆಳತಿಯೊಬ್ಬಳಿಗೆ ಕೊಟ್ಟಿದ್ದೆ. ಅರ್ಧ ಗಂಟೆಯಲ್ಲಿ ವಾಪಸ್ ಬಂದಳು. ಒಂದು ಗುಂಪಿಗೆ ನನ್ನ ಚಿತ್ರದಲ್ಲಿ 24 ಚುಕ್ಕೆ, ಅವಳದರಲ್ಲಿ 23. ಒಂದು ಸೆಲ್ ಖಾಲಿ ಇತ್ತು, ನನ್ನ ಹಳೆಯ ಶೀಟ್ ಅದನ್ನು ಸೊನ್ನೆ ಅಂತ ಓದಿಕೊಂಡಿತ್ತು.